ನಿಮ್ಮ ಸರ್‌ನೇಮ್ ಎಲ್ಲಿಂದ ಬಂತು? ಡಿಎನ್‌ಎ ಪರೀಕ್ಷೆಯಿಂದ ಹುಡುಕುವ ಬಗೆ

ಡಿಎನ್‌ಎಗೆ ಹೆಸರು ಓದಲು ಬರುವುದಿಲ್ಲ. ಕೆನ್ನೆಯ ಒಳಗಿಂದ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿದರೆ, "ನಿಮ್ಮ ಮನೆತನದ ಹೆಸರು ಇಂಥ ಊರಲ್ಲಿ, ಇಂಥ ವರ್ಷ ಹುಟ್ಟಿತು" ಎಂದು ಯಾರೂ ಬರೆದು ಕಳಿಸುವುದಿಲ್ಲ. ಜಾಹೀರಾತು ನೋಡಿದರೆ ಹಾಗನ್ನಿಸುತ್ತದೆ, ಅಷ್ಟೇ. ಪರೀಕ್ಷೆಗೆ ಗೊತ್ತಿರುವುದು ಒಂದೇ ಕೆಲಸ. ಇಬ್ಬರು ಗಂಡಸರನ್ನು ಪಕ್ಕಪಕ್ಕ ಇಟ್ಟು, ಇವರ ತಂದೆ ಕಡೆಯ ಎಳೆ ಎಲ್ಲಾದರೂ ಕೂಡುತ್ತದೆಯೇ, ಕೂಡಿದರೆ ಸುಮಾರು ಎಷ್ಟು ಹಿಂದೆ ಎಂದು ಹೇಳುವುದು.

ಹಾಗಾಗಿ ನಿಮ್ಮೊಬ್ಬರ ಪರೀಕ್ಷೆಯಿಂದ ಸಿಗುವುದು ಅರ್ಧ ಮಾತ್ರ. ಇನ್ನರ್ಧ ಇರುವುದು ಎರಡನೆಯವರ ಹತ್ತಿರ. ಆ ಎರಡನೆಯವರು ಯಾರಾಗಬೇಕು ಎಂದು ಮೊದಲೇ ಯೋಚಿಸಿದವರಿಗೆ ಉತ್ತರ ಸಿಗುತ್ತದೆ. ಯೋಚಿಸದೆ ಕಿಟ್ ತರಿಸಿದವರಿಗೆ ಬಣ್ಣಬಣ್ಣದ ಭೂಪಟ ಸಿಗುತ್ತದೆ.

ವೈ ಕ್ರೋಮೋಸೋಮ್ ಯಾಕೆ?

ಸರ್‌ನೇಮ್ ಹೆಚ್ಚಿನ ಕಡೆ ತಂದೆಯಿಂದ ಮಕ್ಕಳಿಗೆ ಬರುತ್ತದೆ. ವೈ ಕ್ರೋಮೋಸೋಮ್ ತಂದೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ. ಬೇರೆ ಕ್ರೋಮೋಸೋಮ್‌ಗಳು ಪ್ರತಿ ಪೀಳಿಗೆಯಲ್ಲೂ ತಾಯಿ ತಂದೆಯರ ಪಾಲನ್ನು ಬೆರೆಸಿಕೊಂಡು ಇಳಿಯುತ್ತವೆ. ವೈನಲ್ಲಿ ಸುಮಾರು ಶೇ 95 ಭಾಗ ಹೀಗೆ ಬೆರೆಯುವುದೇ ಇಲ್ಲ. ಅಜ್ಜನಿಂದ ಮೊಮ್ಮಗನಿಗೆ ಬಹುಮಟ್ಟಿಗೆ ಇದ್ದ ಹಾಗೇ ಬರುತ್ತದೆ. ಅದರಲ್ಲಿ ಸುಮಾರು 6.2 ಕೋಟಿ ಡಿಎನ್‌ಎ ಅಕ್ಷರಗಳಿವೆ. 2023ರಲ್ಲಿ ಮೊದಲ ಬಾರಿಗೆ ಅದನ್ನು ಕೊನೆಯ ಅಕ್ಷರದವರೆಗೂ ಓದಿ ಮುಗಿಸಿದರು. ನಕಲು ಮಾಡುವಾಗ ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪೇ ನಮಗೆ ಬೇಕಾದ ಗುರುತು, ಯಾಕೆಂದರೆ ಒಬ್ಬನಲ್ಲಿ ಆದ ತಪ್ಪು ಅವನ ಗಂಡು ಸಂತತಿಗೆಲ್ಲ ಇಳಿಯುತ್ತದೆ.

ಸರ್‌ನೇಮ್ ಮತ್ತು ವೈ ಎಂಬ ಈ ಜೋಡಿ ನಿಜವಾಗಿ ಜೊತೆಯಲ್ಲೇ ನಡೆಯುತ್ತದೆಯೇ ಎಂದು ಮೊದಲು ನೋಡಿದವರಲ್ಲಿ ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಒಬ್ಬರು. ತಮ್ಮದೇ ಸರ್‌ನೇಮ್ ಇದ್ದ 48 ಜನರ ವೈ ಪರೀಕ್ಷಿಸಿ 2000ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕೆ ಹತ್ತಿರ ಜನರಲ್ಲಿ ಒಂದೇ ಮಾದರಿ ಸಿಕ್ಕಿತು. ಆಮೇಲೆ ಲೆಸ್ಟರ್ ವಿಶ್ವವಿದ್ಯಾಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಇದನ್ನು ದೊಡ್ಡದಾಗಿ ಮಾಡಿದರು. 2009ರ ಅವರ ಅಧ್ಯಯನದಲ್ಲಿ 40 ಬ್ರಿಟಿಷ್ ಸರ್‌ನೇಮ್‌ಗಳ 1,678 ಗಂಡಸರಿದ್ದರು. ಆಟೆನ್‌ಬರೋ ಥರದ ಅಪರೂಪದ ಹೆಸರಿನವರಲ್ಲಿ ಬಹುಪಾಲು ಜನ ಒಂದೇ ಮೂಲದವರು. ಸ್ಮಿತ್ ಎಂಬ ಹೆಸರಿನವರೋ, ದಾರಿಯಲ್ಲಿ ಸುಮ್ನೆ ಸಿಕ್ಕ ಹತ್ತು ಜನರಿಗಿಂತ ಹೆಚ್ಚಿನ ನಂಟಿನವರೇನಲ್ಲ. ಸ್ಮಿತ್ ಎಂದರೆ ಕಮ್ಮಾರ, ಅವನು ಎಲ್ಲ ಊರಲ್ಲೂ ಇದ್ದ. ಹೆಸರು ಸಾವಿರ ಕಡೆ ಹುಟ್ಟಿತು.

ನಿಮ್ಮ ಹೆಸರು ಯಾವ ಪೈಕಿ? ಮೊದಲು ಅದನ್ನು ನೋಡಬೇಕು.

ಹಂತ 1: ಹೆಸರಿನ ಜಾತಕ ಬರೆಯಿರಿ

ಲ್ಯಾಬಿನ ಮಾತು ಆಮೇಲೆ. ಒಂದು ಹಾಳೆ ತೆಗೆದುಕೊಂಡು ಹೆಸರಿನ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಅದು ಊರಿನ ಹೆಸರೋ, ಕಸುಬಿನದೋ, ಯಾರೋ ಹಿರಿಯರ ಹೆಸರೋ, ಯಾರನ್ನೋ ಗೇಲಿ ಮಾಡಲು ಇಟ್ಟು ಅಂಟಿಕೊಂಡದ್ದೋ? ಊರಿನಿಂದ ಬಂದ ಹೆಸರಾದರೆ, ಆ ಊರು ಬಿಟ್ಟು ಹೋದ ಎಷ್ಟೋ ಮನೆಗಳಿಗೆ ಅದೇ ಹೆಸರು ಬಿದ್ದಿರುತ್ತದೆ. ಅವರ ನಡುವೆ ರಕ್ತಸಂಬಂಧ ಇರಲೇಬೇಕೆಂದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಆ ಹೆಸರು ಯಾವಾಗಿನಿಂದ ತಂದೆಯಿಂದ ಮಗನಿಗೆ ಹೋಗುತ್ತಿದೆ? ಚೀನಾದಲ್ಲಿ ಇದು ಸಾವಿರಾರು ವರ್ಷಗಳ ಮಾತು. ಇಂಗ್ಲೆಂಡಿನಲ್ಲಿ 1066ರ ನಂತರ ಶುರುವಾಗಿ ಹೆಚ್ಚುಕಡಿಮೆ 1400ರ ಹೊತ್ತಿಗೆ ನೆಲೆಯೂರಿತು. ನೆದರ್‌ಲ್ಯಾಂಡ್ಸ್‌ನಲ್ಲಿ 1811ರ ನೆಪೋಲಿಯನ್ ಆಜ್ಞೆ ಬಂದ ಮೇಲೆ ಎಲ್ಲರೂ ಹೆಸರು ಬರೆಸಬೇಕಾಯಿತು. ಜಪಾನಿನಲ್ಲಿ 1875, ಥಾಯ್ಲೆಂಡಿನಲ್ಲಿ 1913, ಟರ್ಕಿಯಲ್ಲಿ 1934. ಐಸ್‌ಲ್ಯಾಂಡಿನಲ್ಲಿ ಇಂದಿಗೂ ಹೆಚ್ಚಾಗಿ ತಂದೆಯ ಹೆಸರೇ ಮಕ್ಕಳ ಕೊನೆಯ ಹೆಸರು. ಪ್ರತಿ ಪೀಳಿಗೆಯಲ್ಲೂ ಅದು ಬದಲಾಗುತ್ತದೆ. ಅಂಥ ಕಡೆ "ಈ ಸರ್‌ನೇಮಿನ ಮೂಲ" ಎಂಬ ಪ್ರಶ್ನೆಗೇ ಅರ್ಥವಿಲ್ಲ. ವೈ ಎಳೆಯನ್ನು ಮಾತ್ರ ಹಿಡಿದು ಹೋಗಬೇಕು.

ಈ ವರ್ಷ ಯಾಕೆ ಬೇಕೆಂದರೆ, ಮುಂದೆ ನಿಮಗೆ "ಇವರಿಬ್ಬರ ಪೂರ್ವಜ ಸುಮಾರು 900 ವರ್ಷ ಹಿಂದಿನವನು" ಎಂಬ ಅಂದಾಜು ಸಿಗಬಹುದು. ಹೆಸರು ನೆಲೆಯೂರಿ 200 ವರ್ಷವೇ ಆಗಿದ್ದರೆ, ಆ ನಂಟಿಗೂ ಹೆಸರಿಗೂ ಸಂಬಂಧವಿಲ್ಲ. ಈ ಗಡಿಯನ್ನು ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆದಿಡಿ.

ಹೆಸರಿನ ಬೇರೆ ಬೇರೆ ಸ್ಪೆಲ್ಲಿಂಗ್‌ಗಳನ್ನೂ ಪಟ್ಟಿ ಮಾಡಿ. ಹಿಂದೆ ಹೆಸರು ಬರೆಯುತ್ತಿದ್ದವರು ಗುಮಾಸ್ತರು. ಕಿವಿಗೆ ಬಿದ್ದ ಹಾಗೆ ಬರೆದರು. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು ಎರಡು ಸ್ಪೆಲ್ಲಿಂಗ್‌ನಲ್ಲಿ ಸತ್ತಿರುವುದುಂಟು.

ಹಂತ 2: ದಾಖಲೆಯಲ್ಲಿ ಎಷ್ಟು ಹಿಂದೆ ಹೋಗಬಹುದೋ ಹೋಗಿ

ತಂದೆ, ಅಜ್ಜ, ಮುತ್ತಜ್ಜ ಹೀಗೆ ಗಂಡು ಎಳೆಯಲ್ಲಿ ಮಾತ್ರ ಹಿಂದಕ್ಕೆ ಹೋಗಿ. ಹುಟ್ಟು ಸಾವಿನ ನೋಂದಣಿ, ಜನಗಣತಿ, ಜಮೀನು ಪತ್ರ, ಉಯಿಲು, ದೇವಸ್ಥಾನ ಚರ್ಚುಗಳ ಪುಸ್ತಕ, ಸೈನ್ಯದ ಕಡತ, ಹಡಗಿನ ಪ್ರಯಾಣಿಕರ ಪಟ್ಟಿ, ಏನಿದ್ದರೂ ಸರಿ. ಎಲ್ಲಿ ನಿಂತಿರೋ ಆ ಮನುಷ್ಯನ ಹೆಸರು, ಊರು, ಸುಮಾರು ವರ್ಷ ಬರೆದುಕೊಳ್ಳಿ. ಆಮೇಲೆ ಫಲಿತಾಂಶದ ಪಕ್ಕದಲ್ಲಿ "ಗೊತ್ತಿರುವ ಅತಿ ಹಿಂದಿನ ಪೂರ್ವಜ" ಎಂಬ ಕಾಲಂ ಇರುತ್ತದೆ. ಅದನ್ನು ಖಾಲಿ ಬಿಟ್ಟವರ ಮ್ಯಾಚ್, ಅಂದರೆ ಅವರ ಡಿಎನ್‌ಎ ಇನ್ನೊಬ್ಬರಿಗೆ ಹೊಂದಿದರೂ, ಯಾರಿಗೂ ಪ್ರಯೋಜನವಿಲ್ಲ. ನನಗಂತೂ ಈ ಖಾಲಿ ಕಾಲಂ ಕಂಡರೆ ಸಿಟ್ಟು ಬರುತ್ತದೆ.

ಹಂತ 3: ಪ್ರಶ್ನೆಯನ್ನು ಚಿಕ್ಕದು ಮಾಡಿ

"ನಮ್ಮ ಹೆಸರು ಎಲ್ಲಿಂದ ಬಂತು" ಎಂಬುದು ಪರೀಕ್ಷೆಗೆ ಹಾಕುವ ಪ್ರಶ್ನೆಯಲ್ಲ. ಹೀಗೆ ಕೇಳಿ: ಬೆಟ್ಟದ ಆಚೆ ಇರುವ ಇದೇ ಹೆಸರಿನ ಮನೆಯವರೂ ನಾವೂ ಒಂದೇ ಮೂಲವೇ? ಎರಡು ಸ್ಪೆಲ್ಲಿಂಗ್‌ಗಳು ಒಂದೇ ಮನೆತನದವೇ? 1790ರಲ್ಲಿ ವಲಸೆ ಬಂದ ನಮ್ಮ ಹಿರಿಯ ಆ ದೇಶದ ಯಾವ ಶಾಖೆಯವನು? ನಾವು ದತ್ತು ಹೋದವರ ಸಂತತಿ ಎಂಬ ಮನೆಮಾತು ನಿಜವೇ?

ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಇದ್ದರೆ, ಯಾರ ಸ್ಯಾಂಪಲ್ ಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಹಂತ 4: ಯಾರ ಪರೀಕ್ಷೆ?

ಇಲ್ಲಿ ಸ್ವಲ್ಪ ಹೊತ್ತು ಕೂತು ಯೋಚಿಸಿ. ಹಣ ಹಾಳಾಗುವುದು ಇಲ್ಲೇ.

ಪರೀಕ್ಷೆಗೆ ಕೂರುವವರು ಗಂಡಸಾಗಿರಬೇಕು. ಪೂರ್ವಜನಿಂದ ಅವರವರೆಗೆ ನಡುವೆ ಒಬ್ಬ ಹೆಣ್ಣೂ ಇರಬಾರದು. ನೀವು ಹೆಣ್ಣಾದರೆ ಅಣ್ಣ, ತಮ್ಮ, ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಅವರ ಗಂಡುಮಕ್ಕಳು, ಇವರಲ್ಲಿ ಯಾರಾದರೂ ಆಗುತ್ತದೆ. ತಾಯಿಯ ತವರುಮನೆಯ ಹೆಸರು ಹುಡುಕುವುದಾದರೆ ಸೋದರಮಾವ ಅಥವಾ ಅವರ ಮಗ. ಅಜ್ಜಿಯ ತವರಿನದಾದರೆ ಅಜ್ಜಿಯ ಅಣ್ಣತಮ್ಮಂದಿರ ಮೊಮ್ಮಗ, ಅದೂ ಗಂಡುಮಗನ ಮಗನೇ ಆಗಬೇಕು.

ಒಬ್ಬರು ಸಿಕ್ಕರೆ ಸಾಲದು. ನಿಮ್ಮ ಎಳೆಯಲ್ಲೇ ದೂರದ ದಾಯಾದಿ ಒಬ್ಬರನ್ನು ಹುಡುಕಿ. ಅಣ್ಣ ತಮ್ಮ ಇಬ್ಬರ ಪರೀಕ್ಷೆ ಮಾಡಿಸುವುದು ದಂಡ. ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ. ಮುತ್ತಜ್ಜನ ತಮ್ಮನ ಕಡೆಯ ಮರಿಮಗ ಸಿಕ್ಕರೆ ಅವರನ್ನು ಕೈಮುಗಿದು ಕೇಳಿ. ನಿಮ್ಮಿಬ್ಬರ ಫಲಿತಾಂಶ ಹೊಂದಿಕೊಂಡರೆ, ಮುತ್ತಜ್ಜನ ತಂದೆಯ ವೈ ಹೇಗಿತ್ತು ಎಂಬುದು ಸಿದ್ಧವಾಯಿತು. ಅಷ್ಟರ ಮಟ್ಟಿಗೆ ನಡುವೆ ಎಲ್ಲೂ ಎಳೆ ತುಂಡಾಗಿಲ್ಲ ಎಂಬುದೂ ಗೊತ್ತಾಯಿತು. ಮೂರನೆಯವರಾಗಿ, ನಿಮ್ಮ ಪ್ರಶ್ನೆಯಲ್ಲಿರುವ ಆಚೆಮನೆಯವರು ಬೇಕು. ಅವರಲ್ಲೂ ಇಬ್ಬರು ಸಿಕ್ಕರೆ ಒಳ್ಳೆಯದು.

ಸತ್ತವರ ಎಳೆಯನ್ನು ಬದುಕಿರುವವರ ಮೂಲಕ ಹಿಡಿಯುವುದು ಹೇಗೆ ಎಂಬುದಕ್ಕೆ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಪ್ರಕರಣ ಒಳ್ಳೆ ಪಾಠ. ಅವರ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳು ಅವರವೇ ಎಂಬ ಮಾತು ಎರಡು ಶತಮಾನ ನಡೆಯಿತು. ಜೆಫರ್ಸನ್‌ಗೆ ಮದುವೆಯಾದ ಹೆಂಡತಿಯಲ್ಲಿ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಹಾಗಾಗಿ ಅವರ ತಂದೆಯ ಅಣ್ಣ ಫೀಲ್ಡ್ ಜೆಫರ್ಸನ್‌ರ ಗಂಡು ಸಂತತಿಯ ಐದು ಜನರನ್ನು ಪರೀಕ್ಷಿಸಿದರು. ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ಸಂತತಿಯ ಒಬ್ಬರ ವೈ ಅದಕ್ಕೆ ಹೊಂದಿತು. 1998ರಲ್ಲಿ ಫಲಿತಾಂಶ ಹೊರಬಂತು. ಗಮನಿಸಿ, ವೈ ಹೇಳಿದ್ದು "ತಂದೆ ಜೆಫರ್ಸನ್ ಮನೆತನದ ಗಂಡಸು" ಎಂದಷ್ಟೇ. ಥಾಮಸ್ ಅವರೇ ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪಿದ್ದು, ಅವರು ಯಾವಾಗ ಮನೆಯಲ್ಲಿದ್ದರು ಎಂಬ ದಾಖಲೆಗಳನ್ನೂ ಜೊತೆಗಿಟ್ಟು ನೋಡಿದ್ದರಿಂದ. ನಿಮ್ಮ ಹುಡುಕಾಟದಲ್ಲೂ ಹೀಗೇ. ವೈ ಮನೆ ತೋರಿಸುತ್ತದೆ, ಕೋಣೆ ತೋರಿಸುವುದು ಕಾಗದ.

ಹಂತ 5: ಯಾವ ಪರೀಕ್ಷೆ?

ಮೂರು ಬಗೆ ಇವೆ. ಹೆಚ್ಚು ಮಾರಾಟವಾಗುವುದು ಆಟೋಸೋಮಲ್. ಆಂಸೆಸ್ಟ್ರಿ, ಮೈಹೆರಿಟೇಜ್, 23ಆಂಡ್‌ಮಿ ಕಂಪನಿಗಳು ಹೆಸರುವಾಸಿಯಾದದ್ದು ಇದರಿಂದ. ಇದು ಎಲ್ಲ ಕಡೆಯ ನಂಟನ್ನೂ ನೋಡುತ್ತದೆ, ಆದರೆ ಪ್ರತಿ ಪೀಳಿಗೆಗೆ ಪಾಲು ಅರ್ಧವಾಗುತ್ತ ಹೋಗುತ್ತದೆ. ಮುತ್ತಜ್ಜನ ತಾತನಿಂದ ನಿಮಗೆ ಬಂದದ್ದು ಸರಾಸರಿ 32ರಲ್ಲಿ ಒಂದು ಪಾಲು. ಎಂಟು ಹತ್ತು ಪೀಳಿಗೆ ಹಿಂದಿನ ಒಬ್ಬ ಪೂರ್ವಜನಿಂದ ನಿಮಗೆ ಏನೂ ಬಂದಿಲ್ಲದೇ ಇರಬಹುದು. ಸರ್‌ನೇಮ್ ಮೂಲಕ್ಕೆ ಇದು ಮುಖ್ಯ ಪರೀಕ್ಷೆಯಲ್ಲ, ಸಹಾಯಕ. ಎರಡನೆಯದು ಮೈಟೋಕಾಂಡ್ರಿಯಾ, ಅದು ತಾಯಿಯ ಎಳೆ. ನಮ್ಮ ಕೆಲಸಕ್ಕೆ ಬೇಡ.

ಬೇಕಾದದ್ದು ವೈ ಡಿಎನ್‌ಎ. ಇದರಲ್ಲಿ ಮ್ಯಾಚ್ ಪಟ್ಟಿ ಕೊಡುವ ದೊಡ್ಡ ಸಂಗ್ರಹ ಇರುವುದು ಫ್ಯಾಮಿಲಿಟ್ರೀಡಿಎನ್‌ಎ ಕಂಪನಿಯಲ್ಲಿ. 2000ರಲ್ಲಿ ಶುರುವಾಯಿತು. ಒಂದೇ ಹೆಸರಿನವರು ಫಲಿತಾಂಶ ಒಟ್ಟಿಗಿಡುವ ಸರ್‌ನೇಮ್ ಪ್ರಾಜೆಕ್ಟ್‌ಗಳು ಬಹುಪಾಲು ಅಲ್ಲೇ ಇವೆ. ಆಂಸೆಸ್ಟ್ರಿ ತನ್ನ ವೈ ಪರೀಕ್ಷೆಯನ್ನು 2014ರಲ್ಲೇ ನಿಲ್ಲಿಸಿತು. 23ಆಂಡ್‌ಮಿ ವೈ ಹ್ಯಾಪ್ಲೋಗ್ರೂಪ್ (ಮನುಷ್ಯರ ಗಂಡು ಎಳೆಗಳ ಮರದಲ್ಲಿ ನಿಮ್ಮ ಕೊಂಬೆ) ಹೇಳುತ್ತದೆ, ಅದೂ ಸಾವಿರಾರು ವರ್ಷ ಹಳೆಯ ದೊಡ್ಡ ಕೊಂಬೆಯ ಮಟ್ಟಕ್ಕೆ. ಬರ್ಲಿನ್‌ನ ವೈಸೆಕ್ ಬಿಡಿಬಿಡಿಯಾಗಿ ಒಂದೊಂದು ಗುರುತನ್ನು ಪರೀಕ್ಷಿಸಿ ಕೊಡುತ್ತದೆ.

ವೈ ಪರೀಕ್ಷೆಯಲ್ಲಿ ಎರಡು ಥರದ ಗುರುತುಗಳು. ಒಂದು ಎಸ್‌ಟಿಆರ್. ವೈನ ಕೆಲವು ಜಾಗಗಳಲ್ಲಿ ಪುಟ್ಟ ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದೆ, ಭಜನೆಯ ಪಲ್ಲವಿ ಹಾಗೆ. ಎಷ್ಟು ಸಲ ಬರುತ್ತದೆ ಎಂದು ಎಣಿಸುತ್ತಾರೆ. ಡಿವೈಎಸ್390 ಎಂಬ ಜಾಗದಲ್ಲಿ ನಿಮಗೆ 24 ಇರಬಹುದು, ಇನ್ನೊಬ್ಬರಿಗೆ 25. ಇನ್ನೊಂದು ಎಸ್‌ಎನ್‌ಪಿ, ಬಾಯಿಮಾತಿನಲ್ಲಿ ಸ್ನಿಪ್. ಒಂದು ಅಕ್ಷರದ ಬದಲು ಇನ್ನೊಂದು. ಎಸ್‌ಟಿಆರ್ ಎಣಿಕೆ ಹಿಂದೆ ಮುಂದೆ ಓಡಾಡುತ್ತಿರುತ್ತದೆ. ಸ್ನಿಪ್ ಒಮ್ಮೆ ಆದರೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ.

ಹೀಗೆ ಎಣಿಸುವ ಒಂದೊಂದು ಎಸ್‌ಟಿಆರ್ ಜಾಗಕ್ಕೆ ಮಾರ್ಕರ್ ಎನ್ನುತ್ತಾರೆ. ಶುರು ಮಾಡಲು 37 ಮಾರ್ಕರ್‌ನ ಪರೀಕ್ಷೆ ಸಾಕು. "ನಾವೂ ಅವರೂ ಒಂದೇನಾ" ಎಂಬುದಕ್ಕೆ ಮೊದಲ ಉತ್ತರ ಬರುತ್ತದೆ. 111 ಆದರೆ ಹೆಚ್ಚು ಗಟ್ಟಿ. ಶಾಖೆ ಉಪಶಾಖೆ ಬೇಕೆಂದರೆ ಬಿಗ್ ವೈ-700. ಅದು 700ರಷ್ಟು ಎಸ್‌ಟಿಆರ್ ಜೊತೆಗೆ ಇದುವರೆಗೆ ಯಾರಲ್ಲೂ ಕಾಣದ ಹೊಸ ಸ್ನಿಪ್‌ಗಳನ್ನೂ ಹೆಕ್ಕುತ್ತದೆ. ಎಲ್ಲರಿಗೂ ದುಬಾರಿ ಪರೀಕ್ಷೆ ಮಾಡಿಸುವ ಬದಲು, ನಾಲ್ಕು ಜನರಿಗೆ 37 ಮಾಡಿಸಿ. ಹೊಂದಿದವರಲ್ಲಿ ಇಬ್ಬರಿಗೆ ಬಿಗ್ ವೈ ಮಾಡಿಸಿ. ನನ್ನ ಲೆಕ್ಕದಲ್ಲಿ ಹಣಕ್ಕೆ ಇದೇ ನ್ಯಾಯ. ಲ್ಯಾಬಿನಲ್ಲಿ ಸ್ಯಾಂಪಲ್ ಇಟ್ಟಿರುತ್ತಾರೆ, ಆಮೇಲೆ ಮೇಲಿನ ಹಂತಕ್ಕೆ ಹೋಗಬಹುದು.

ಹಂತ 6: ಒಪ್ಪಿಗೆ ಕೇಳುವಾಗ ಎಲ್ಲವನ್ನೂ ಹೇಳಿ

ದೊಡ್ಡಪ್ಪನ ಕೈಗೆ ಕಡ್ಡಿ ಕೊಟ್ಟು "ಸ್ವಲ್ಪ ಕೆನ್ನೆ ಉಜ್ಜಿ" ಎಂದರೆ ಉಜ್ಜಿಬಿಡುತ್ತಾರೆ. ಅದು ಒಪ್ಪಿಗೆ ಅಲ್ಲ. ಮೊದಲೇ ಹೇಳಿ: ಇದರಿಂದ ನಮಗೆ ಗೊತ್ತಿಲ್ಲದ ನೆಂಟರು ಹೊರಬರಬಹುದು. ಅಪ್ಪ ಎಂದುಕೊಂಡವರು ಅಪ್ಪ ಅಲ್ಲ ಎಂದೂ ಬರಬಹುದು. ಅಂಥದ್ದು ಬಂದರೆ ನಿಮಗೆ ಹೇಳಬೇಕೋ ಬೇಡವೋ? ಈ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಟ್ಟುಕೊಂಡರೆ ಆಮೇಲೆ ಮನೆ ಒಡೆಯುವುದಿಲ್ಲ.

ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದೂ ಗೊತ್ತಿರಲಿ. 2018ರಲ್ಲಿ ಅಮೆರಿಕದ ಪೊಲೀಸರು ಹಳೆಯ ಸರಣಿ ಕೊಲೆಗಾರನೊಬ್ಬನನ್ನು ಹಿಡಿದದ್ದು ಜೆಡ್‌ಮ್ಯಾಚ್ ಎಂಬ ವಂಶಾವಳಿ ತಾಣದಲ್ಲಿದ್ದ ದೂರದ ನೆಂಟರ ಮೂಲಕ. ಫ್ಯಾಮಿಲಿಟ್ರೀಡಿಎನ್‌ಎಯಲ್ಲೂ ಪೊಲೀಸ್ ಹೋಲಿಕೆಗೆ ಬೇಡ ಎನ್ನುವ ಆಯ್ಕೆ ಇದೆ, ಸೆಟ್ಟಿಂಗ್ಸ್‌ನಲ್ಲಿ ನೋಡಿ. 2023ರಲ್ಲಿ 23ಆಂಡ್‌ಮಿಯಿಂದ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಬದಲಿಸಬಹುದು, ಡಿಎನ್‌ಎ ಬದಲಿಸಲಾಗುವುದಿಲ್ಲ, ಅಲ್ವಾ? ಕಾನೂನು ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸ್‌ನಲ್ಲಿ ಮೋಜಿಗೆ, ಕುತೂಹಲಕ್ಕೆ ಇಂಥ ಪರೀಕ್ಷೆ ಮಾಡಿಸುವುದೇ ಅಪರಾಧ. ಅಮೆರಿಕದ 2008ರ ಜೀನಾ ಕಾಯ್ದೆ (ಜೀನ್ ಮಾಹಿತಿ ನೋಡಿ ತಾರತಮ್ಯ ಮಾಡುವುದನ್ನು ತಡೆಯುವ ಕಾನೂನು) ಆರೋಗ್ಯ ವಿಮೆ ಮತ್ತು ಕೆಲಸದ ವಿಷಯದಲ್ಲಿ ರಕ್ಷಣೆ ಕೊಡುತ್ತದೆ, ಜೀವ ವಿಮೆಗೆ ಕೊಡುವುದಿಲ್ಲ.

ಹಂತ 7: ಸ್ಯಾಂಪಲ್

ಇದು ಸುಲಭ. ಪರೀಕ್ಷೆಗೆ ಒಂದು ಗಂಟೆ ಮೊದಲಿಂದ ತಿನ್ನಬೇಡಿ, ಕುಡಿಯಬೇಡಿ, ಸಿಗರೇಟು ಬೇಡ. ಕಡ್ಡಿಯಿಂದ ಒಳಗೆನ್ನೆಯನ್ನು ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ಗಟ್ಟಿಯಾಗಿ ಉಜ್ಜಿ. ಒಂದೇ ದಿನ ಇಬ್ಬರ ಸ್ಯಾಂಪಲ್ ತೆಗೆಯುವುದಾದರೆ ಒಬ್ಬರದನ್ನು ಮುಚ್ಚಿ, ಹೆಸರು ಬರೆದು, ಲಕೋಟೆಗೆ ಹಾಕಿದ ಮೇಲೆಯೇ ಇನ್ನೊಬ್ಬರದನ್ನು ಬಿಚ್ಚಿ. ಕಿಟ್ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಉತ್ತರಕ್ಕೆ ಕೆಲವು ವಾರ, ಬಿಗ್ ವೈ ಆದರೆ ಕೆಲವು ತಿಂಗಳೂ ಆಗಬಹುದು.

ಹಂತ 8: ಫಲಿತಾಂಶ ಓದುವುದು

ಮೊದಲು ಕಣ್ಣಿಗೆ ಬೀಳುವುದು ಹ್ಯಾಪ್ಲೋಗ್ರೂಪ್. ಆರ್-ಎಂ269, ಜೆ-ಎಂ172, ಐ-ಎಂ253 ಹೀಗೆ ಇರುತ್ತದೆ. ಇದು ಮನುಷ್ಯಕುಲದ ಗಂಡು ಮರದಲ್ಲಿ ನಿಮ್ಮ ಕೊಂಬೆ. ಸಾವಿರಾರು ವರ್ಷಗಳ ಮಾತು, ಹೆಸರಿಗಿಂತ ಎಷ್ಟೋ ಹಳೆಯದು. "ನಾವು ಇಂಥ ರಾಜನ ವಂಶ, ಇಂಥ ದಂಡಿನವರು" ಎಂಬ ಕಥೆಗಳು ಹುಟ್ಟುವುದು ಇಲ್ಲಿ. ಆ ಸಾಲನ್ನು ಓದಿ ಮುಂದೆ ಹೋಗಿ. ಇದರಿಂದ ಒಂದೇ ಉಪಯೋಗ: ಇಬ್ಬರ ಹ್ಯಾಪ್ಲೋಗ್ರೂಪ್ ಬೇರೆಬೇರೆ ದೊಡ್ಡ ಕೊಂಬೆಯಾದರೆ, ಹೆಸರಿನ ಕಾಲದೊಳಗೆ ಇವರಿಗೆ ಗಂಡು ಎಳೆಯ ನಂಟಿಲ್ಲ. ಅಲ್ಲಿಗೆ ಮುಗಿಯಿತು.

ಅಪರೂಪಕ್ಕೆ ಈ ಸಾಲೂ ಅಚ್ಚರಿ ಕೊಡುತ್ತದೆ. ಹೀಗೇ ಮನೆತನದ ಮೂಲ ಹುಡುಕಲು ಅಮೆರಿಕದ ಒಂದು ಕಪ್ಪು ಕುಟುಂಬ ಕೊಟ್ಟ ಸ್ಯಾಂಪಲ್ ಯಾವ ಕೊಂಬೆಗೂ ಸೇರಲಿಲ್ಲ. ಅದು ಅಲ್ಲಿಯವರೆಗೆ ಗೊತ್ತಿದ್ದ ಎಲ್ಲ ಕೊಂಬೆಗಳಿಗಿಂತ ಮೊದಲೇ ಒಡೆದ ಕವಲು. ಆಮೇಲೆ ಕ್ಯಾಮರೂನಿನ ಎಂಬೊ ಜನರಲ್ಲಿ ಅದೇ ಕವಲು ಸಿಕ್ಕಿತು. 2013ರಲ್ಲಿ ಪ್ರಕಟವಾಯಿತು. ಮರದ ಬುಡವನ್ನೇ ತಿದ್ದಬೇಕಾಯಿತು.

ನಂತರ ಮ್ಯಾಚ್ ಪಟ್ಟಿ. ಪ್ರತಿ ಹೆಸರಿನ ಮುಂದೆ ಜೆನೆಟಿಕ್ ಡಿಸ್ಟೆನ್ಸ್ ಎಂಬ ಅಂಕಿ ಇರುತ್ತದೆ. ಅಂತರ ಎನ್ನೋಣ. ಒಂದು ಮಾರ್ಕರ್‌ನಲ್ಲಿ ನಿಮಗೆ 24, ಅವರಿಗೆ 25 ಇದ್ದರೆ ಅಂತರ 1. ನಿಮಗೆ 24, ಅವರಿಗೆ 26 ಆದರೆ 2. ಒಂದಕ್ಕಿಂತ ಹೆಚ್ಚು ಪ್ರತಿ ಇರುವ ಡಿವೈಎಸ್464 ಥರದ ಮಾರ್ಕರ್‌ಗಳಿಗೆ ಎಣಿಕೆ ಬೇರೆ. ಎಲ್ಲ ವ್ಯತ್ಯಾಸಗಳ ಮೊತ್ತವೇ ಪಟ್ಟಿಯಲ್ಲಿ ಕಾಣುವುದು. 37ರಲ್ಲಿ ಅಂತರ 4ರವರೆಗೆ, 67ರಲ್ಲಿ 7, 111ರಲ್ಲಿ 10ರವರೆಗೆ ಇದ್ದರೆ ಮ್ಯಾಚ್ ಎಂದು ತೋರಿಸುತ್ತಾರೆ.

ಒಂದು ಮಾರ್ಕರ್ ಒಂದು ಪೀಳಿಗೆಯಲ್ಲಿ ಬದಲಾಗುವ ಸಾಧ್ಯತೆ ಸರಾಸರಿ ಸಾವಿರಕ್ಕೆ ಎರಡರಿಂದ ನಾಲ್ಕು. ಎಲ್ಲವೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಸಿಡಿವೈ, ಡಿವೈಎಸ್570, ಡಿವೈಎಸ್576 ಚಂಚಲ. ಅವುಗಳಲ್ಲಿ ವ್ಯತ್ಯಾಸ ಬಂದರೆ ಗಾಬರಿ ಬೇಡ. ನಿಧಾನದ ಮಾರ್ಕರ್‌ನಲ್ಲಿ ಬಂದರೆ ಯೋಚಿಸಿ. ಅಂಕಿ ಮಾತ್ರ ನೋಡಬೇಡಿ, ವ್ಯತ್ಯಾಸ ಎಲ್ಲಿ ಬಂದಿದೆ ಎಂದೂ ನೋಡಿ.

12 ಅಥವಾ 25 ಮಾರ್ಕರ್‌ನ ಮ್ಯಾಚ್‌ಗೆ ಮರುಳಾಗಬೇಡಿ. ಆರ್-ಎಂ269 ಪಶ್ಚಿಮ ಯುರೋಪಿನಲ್ಲಿ ತೀರಾ ಸಾಮಾನ್ಯ. ಅಲ್ಲಿ ನೂರಾರು ಬೇರೆ ಹೆಸರಿನವರು 12ಕ್ಕೆ 12 ಹೊಂದುತ್ತಾರೆ. ಎಣಿಕೆ ಹಿಂದೆ ಮುಂದೆ ಓಡಾಡುತ್ತ ಆಕಸ್ಮಿಕವಾಗಿ ಒಂದೇ ಕಡೆ ಬಂದು ನಿಂತಿರುತ್ತದೆ.

ಹಂತ 9: ಸರ್‌ನೇಮ್ ಪ್ರಾಜೆಕ್ಟ್ ಸೇರಿ

ಒಂದೇ ಹೆಸರಿನವರು, ಅದರ ಸ್ಪೆಲ್ಲಿಂಗ್ ಬೇರೆಯವರು ಫಲಿತಾಂಶಗಳನ್ನು ಒಂದೆಡೆ ಇಡುವ ಗುಂಪು ಇದು. ನೋಡಿಕೊಳ್ಳುವವರು ಸ್ವಯಂಸೇವಕರು. ಅವರು ಸದಸ್ಯರನ್ನು ಮೂಲದ ಪ್ರಕಾರ ಗುಂಪು ಮಾಡಿ ಬಣ್ಣ ಹಚ್ಚಿದ ಪಟ್ಟಿ ಇಟ್ಟಿರುತ್ತಾರೆ. ಅದನ್ನು ಓದುವುದು ಕಲಿಯಬೇಕು. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಎಲ್ಲರದೂ 111 ಮಾರ್ಕರ್.

ಕ ಮತ್ತು ಖ ದಾಯಾದಿಗಳು. ಐದು ಪೀಳಿಗೆ ಹಿಂದೆ ಒಬ್ಬನೇ ಪೂರ್ವಜ ಎಂದು ದಾಖಲೆ ಇದೆ. ಅಂತರ 3. ಸರಿಹೋಯಿತು, ದಾಖಲೆ ಗಟ್ಟಿಯಾಯಿತು. ಗ ಅದೇ ಹೆಸರಿನವನು, ದಾಖಲೆಯಲ್ಲಿ ನಂಟಿಲ್ಲ. ಇಬ್ಬರಿಂದಲೂ ಅಂತರ 4. ಅವನೂ ಅದೇ ಮೂಲದವನು, ಸ್ವಲ್ಪ ಹಿಂದೆ ಕವಲೊಡೆದವನು. ಘ ಅದೇ ಹೆಸರಿನವನು, ಹ್ಯಾಪ್ಲೋಗ್ರೂಪೇ ಬೇರೆ. ಒಂದೋ ಹೆಸರು ಎರಡು ಕಡೆ ಹುಟ್ಟಿದೆ, ಇಲ್ಲವೇ ಒಂದು ಎಳೆ ನಡುವೆ ತುಂಡಾಗಿದೆ. ಘ ಎಂಬುವನ ದೂರದ ದಾಯಾದಿಯನ್ನು ಪರೀಕ್ಷಿಸದೆ ಯಾವುದೆಂದು ಹೇಳಲಾಗದು. ದಾಯಾದಿ ಘನಿಗೆ ಹೊಂದಿದರೆ ಆ ಎಳೆ ಹಳೆಯದು. ಕನ ಗುಂಪಿಗೆ ಹೊಂದಿದರೆ, ಘನ ಹತ್ತಿರದ ಪೀಳಿಗೆಯಲ್ಲಿ ಏನೋ ಆಗಿದೆ.

ಈಗ ಚ. ಅವನ ಹೆಸರೇ ಬೇರೆ, ಆದರೆ ಕನಿಂದ ಅಂತರ 2. ಕನಲ್ಲಿ ಇದ್ದು ಖ, ಗ ಇಬ್ಬರಲ್ಲೂ ಇಲ್ಲದ ಒಂದು ಬದಲಾವಣೆ ಚನಲ್ಲೂ ಇದೆ ಅನ್ನಿ. ಹಾಗಾದರೆ ಚನ ಪೂರ್ವಜ ಕವಲೊಡೆದದ್ದು ಕ ಮತ್ತು ಖ ಬೇರೆಯಾದ ಮೇಲೆ, ಕನ ಶಾಖೆಯಿಂದ. ಹೆಸರು ನೆಲೆಯೂರಿದ ನಂತರವೇ ಇವನ ಎಳೆ ಈ ಮನೆಯಿಂದ ಹೊರಗೆ ಹೋಗಿದೆ. ಇಷ್ಟು ಹೇಳಲು ಒಂದು ಮಾರ್ಕರ್ ಸಾಕಾಯಿತು, ಆದರೆ ನಾಲ್ಕು ಜನ ಬೇಕಾಯಿತು. ಒಂದು ಎಸ್‌ಟಿಆರ್ ಮೇಲೆ ಪೂರ್ತಿ ಭಾರ ಹಾಕದೆ ಸ್ನಿಪ್‌ನಿಂದ ಖಚಿತ ಮಾಡಿಕೊಳ್ಳಿ.

ಸ್ನಿಪ್ ಲೆಕ್ಕ ಹೀಗೆ. ಬಿಗ್ ವೈ ಓದುವಷ್ಟು ಭಾಗದಲ್ಲಿ ಸರಾಸರಿ 80-85 ವರ್ಷಕ್ಕೊಂದು ಹೊಸ ಸ್ನಿಪ್ ಹುಟ್ಟುತ್ತದೆ. ಇಬ್ಬರಲ್ಲೂ ಇರುವ ಕೊನೆಯ ಸ್ನಿಪ್‌ನ ನಂತರ ಒಬ್ಬೊಬ್ಬರಲ್ಲೂ ನಾಲ್ಕು ಖಾಸಗಿ ಸ್ನಿಪ್ ಇದ್ದರೆ, ಕವಲು ಸುಮಾರು 330 ವರ್ಷ ಹಿಂದಿನದು. ಇದು ಸರಾಸರಿ, ನೂರಿನ್ನೂರು ವರ್ಷ ಆಚೀಚೆ ಆಗುವುದು ಮಾಮೂಲು. ಈಗ ಹಾಳೆಯ ಮೇಲ್ಗಡೆ ಬರೆದಿಟ್ಟ ವರ್ಷ ನೋಡಿ. ಕವಲು ಆ ಗಡಿಯ ಈಚೆ ಬಿದ್ದರೆ, ಈ ಇಬ್ಬರೂ ಹೆಸರನ್ನು ಒಬ್ಬನೇ ಮನುಷ್ಯನಿಂದ ಪಡೆದವರು. ಆಚೆ ಬಿದ್ದರೆ ನಂಟು ನಿಜ, ಹೆಸರು ಮಾತ್ರ ಬೇರೆಬೇರೆಯಾಗಿ ಬಂದದ್ದು.

ಹೆಸರಿನ ಮೂಲದ ಊರು ಗೊತ್ತಾಗುವುದೂ ಹೀಗೆಯೇ. ಒಂದು ಗುಂಪಿನ ಎಲ್ಲರ ಅತಿ ಹಿಂದಿನ ಪೂರ್ವಜರ ಊರುಗಳನ್ನು ನಕ್ಷೆಯಲ್ಲಿ ಗುರುತಿಸಿ. ಹಳೆಯ ಕವಲುಗಳು ಯಾವ ಸುತ್ತಿನಲ್ಲಿ ದಟ್ಟವಾಗಿವೆ ಎಂದು ನೋಡಿ. ಅಲ್ಲಿಗೆ ಹೋಗಿ ಮತ್ತೆ ಹಳೆಯ ಕಾಗದ ಬಿಚ್ಚಬೇಕು.

ಹಂತ 10: ಹೊಂದದೇ ಹೋದರೆ

ಟೂರಿ ಕಿಂಗ್ ತಂಡ 2006ರಲ್ಲಿ ಒಂದೇ ಸರ್‌ನೇಮಿನ 150 ಜೋಡಿ ಬ್ರಿಟಿಷ್ ಗಂಡಸರನ್ನು ನೋಡಿತು. ಸಮೀಪದ ಒಬ್ಬ ಪೂರ್ವಜನ ಗುರುತು ಕಂಡದ್ದು ಸುಮಾರು ಶೇ 24 ಜೋಡಿಗಳಲ್ಲಿ. ಹೆಸರು ಅಪರೂಪವಾದಷ್ಟೂ ಇದು ಏರುತ್ತದೆ. ಅಂದರೆ ಹೊಂದದಿರುವುದೇ ಹೆಚ್ಚು ಸಾಮಾನ್ಯ.

ಎಳೆ ತುಂಡಾಗುವುದಕ್ಕೆ ಕಾರಣ ಹಲವು. ದತ್ತು, ಮಲತಂದೆಯ ಹೆಸರು ಇಟ್ಟುಕೊಂಡ ಮಗ, ತಾಯಿಯ ಹೆಸರು ಪಡೆದ ಮಗು, ಮಾವನ ಮನೆಗೆ ಬಂದು ಅಲ್ಲಿಯ ಹೆಸರು ತೆಗೆದುಕೊಂಡ ಅಳಿಯ, ಆಸ್ತಿಗಾಗಿ ಬದಲಾದ ಹೆಸರು, ಒಡೆಯನ ಹೆಸರು ಹೊತ್ತ ಗುಲಾಮ. ಗುಟ್ಟಾಗಿ ಹುಟ್ಟಿದ ಮಕ್ಕಳು ಇದರಲ್ಲಿ ಒಂದು ಪಾಲು ಮಾತ್ರ, ಜನ ಮೊದಲು ಯೋಚಿಸುವುದು ಅದನ್ನೇ ಆದರೂ. ಯುರೋಪಿನ ಅಧ್ಯಯನಗಳಲ್ಲಿ ಇಂಥ ಗುಟ್ಟು ಪೀಳಿಗೆಗೆ ಶೇ 1ರಿಂದ 2ರಷ್ಟು ಎಂದು ಕಂಡಿದೆ. ಕಡಿಮೆ ಅನ್ನಿಸುತ್ತದೆ. ಆದರೆ ಹತ್ತು ಪೀಳಿಗೆಗೆ ಲೆಕ್ಕ ಹಾಕಿದರೆ ಒಂದು ಎಳೆಯಲ್ಲಿ ಎಲ್ಲಾದರೂ ಒಮ್ಮೆ ಆಗಿರುವ ಸಾಧ್ಯತೆ ಶೇ 10ರಿಂದ 18.

ರಾಜಮನೆತನವೂ ಇದಕ್ಕೆ ಹೊರತಲ್ಲ. ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್‌ನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಕಾರ್ ಪಾರ್ಕ್ ಅಡಿಯಲ್ಲಿ ಸಿಕ್ಕಿತು. ತಾಯಿಯ ಎಳೆ ಬದುಕಿರುವ ನೆಂಟರಿಗೆ ಹೊಂದಿತು. ಗಂಡು ಎಳೆಗಾಗಿ, ದಾಖಲೆಯ ಪ್ರಕಾರ ಅದೇ ಎಳೆಗೆ ಸೇರಿದ ಐದನೇ ಬೋಫರ್ಟ್ ಡ್ಯೂಕ್‌ನ ಸಂತತಿಯ ಐವರನ್ನು ಪರೀಕ್ಷಿಸಿದರು. ಐವರಲ್ಲಿ ಒಬ್ಬರೂ ರಿಚರ್ಡ್‌ಗೆ ಹೊಂದಲಿಲ್ಲ. ನಾಲ್ವರು ತಮ್ಮೊಳಗೆ ಒಂದು ಗುಂಪು, ಐದನೆಯವರು ಅವರಿಗೂ ಹೊಂದಲಿಲ್ಲ! ಅಂದರೆ ಕನಿಷ್ಠ ಎರಡು ಕಡೆ ಎಳೆ ತುಂಡಾಗಿದೆ. ಒಂದು ಈಚೆಗೆ, ಒಂದು ಎಷ್ಟೋ ಹಿಂದೆ.

ತುಂಡಾದ ಜಾಗ ಹುಡುಕಲು ದಾರಿ ಇದೆ. ಒಬ್ಬೊಬ್ಬ ಪೂರ್ವಜನ ಬೇರೆ ಮಗನ ಸಂತತಿಯಿಂದ ಒಬ್ಬರನ್ನು ಪರೀಕ್ಷಿಸುತ್ತ ಹಿಂದಕ್ಕೆ ಹೋಗಿ. ಅಜ್ಜನ ತಮ್ಮನ ಮೊಮ್ಮಗ ನಿಮಗೆ ಹೊಂದಿ, ಮುತ್ತಜ್ಜನ ತಮ್ಮನ ಕಡೆಯವರು ಹೊಂದದಿದ್ದರೆ, ತಕರಾರು ಆ ನಡುವೆ. ಯಾರ ಕಡೆ ಎಂದು ತಿಳಿಯಲು ಮೂರನೇ ಶಾಖೆ ಬೇಕು. ಇಲ್ಲಿ ಆಟೋಸೋಮಲ್ ಪರೀಕ್ಷೆ ಸಹಾಯಕ್ಕೆ ಬರುತ್ತದೆ. ಇಬ್ಬರು ತಾತಂದಿರು ಅಣ್ಣತಮ್ಮಂದಿರಾಗಿದ್ದರೆ ಮೊಮ್ಮಕ್ಕಳ ನಡುವೆ ಸರಾಸರಿ ಶೇ 3ರಷ್ಟು ಡಿಎನ್‌ಎ ಹಂಚಿಕೆ ಕಾಣಲೇಬೇಕು. ಇನ್ನೊಂದು ಪೀಳಿಗೆ ದೂರವಾದರೆ ಹತ್ತರಲ್ಲಿ ಒಂಬತ್ತು ಸಲ ಕಾಣುತ್ತದೆ. ಅದಕ್ಕೂ ಆಚೆಗೆ ಇದನ್ನು ನಂಬಿ ಕೂರುವಂತಿಲ್ಲ.

ಮತ್ತೆ ಮತ್ತೆ ಒಂದೇ ಬೇರೆ ಸರ್‌ನೇಮ್ ನಿಮ್ಮ ಮ್ಯಾಚ್ ಪಟ್ಟಿಯಲ್ಲಿ ಬರುತ್ತಿದ್ದರೆ, ನಿಮ್ಮ ವೈ ಆ ಮನೆಯದಿರಬಹುದು. ಆ ಹೆಸರಿನ ಯಾರಾದರೂ ನಿಮ್ಮ ಪೂರ್ವಜರ ಊರಲ್ಲಿ, ಅದೇ ಕಾಲಕ್ಕೆ ಇದ್ದರೇ ಎಂದು ಜನಗಣತಿಯಲ್ಲಿ ನೋಡಿ. ಪಟ್ಟಿಯಲ್ಲಿ ಒಬ್ಬರೂ ಇಲ್ಲವೆಂದರೆ ನಿಮ್ಮ ಎಳೆಯವರು ಇನ್ನೂ ಪರೀಕ್ಷೆ ಮಾಡಿಸಿಲ್ಲ ಅಷ್ಟೇ. ಜಗತ್ತಿನ ದೊಡ್ಡ ಭಾಗದ ಜನ ಈ ಸಂಗ್ರಹಗಳಲ್ಲಿ ಇಲ್ಲ. ಆಗ ಕಾಯುವುದಕ್ಕಿಂತ, ನೀವೇ ಹೆಸರಿನ ಇನ್ನೊಂದು ಮನೆ ಹುಡುಕಿಕೊಂಡು ಹೋಗುವುದು ಬೇಗ.

ಹಂತ 11: ಮ್ಯಾಚ್ ಆದವರಿಗೆ ಬರೆಯುವುದು

ಮೊದಲ ಪತ್ರ ಚಿಕ್ಕದಿರಲಿ. ನೀವು ಯಾರು, ಯಾವ ಕಿಟ್, ಎಷ್ಟು ಮಾರ್ಕರ್‌ನಲ್ಲಿ ಎಷ್ಟು ಅಂತರ, ನಿಮ್ಮ ಅತಿ ಹಿಂದಿನ ಪೂರ್ವಜ ಯಾರು. ಕೇಳುವುದು ಒಂದೇ ಪ್ರಶ್ನೆ: ಅವರ ಅತಿ ಹಿಂದಿನ ಪೂರ್ವಜ ಯಾರು, ಯಾವ ಊರು? ಎಳೆ ತುಂಡಾದ ಮಾತನ್ನು ಮೊದಲ ಪತ್ರದಲ್ಲೇ ತೆಗೆಯಬೇಡಿ. ಬದುಕಿರುವವರ ಹೆಸರು, ಹುಟ್ಟಿದ ದಿನ ಹಾಕಿದ ವಂಶವೃಕ್ಷವನ್ನು ಅವರನ್ನು ಕೇಳದೆ ಎಲ್ಲೂ ಹಂಚಬೇಡಿ.

ಇನ್ನೊಂದು ಕೆಲಸ ಜನ ಮರೆಯುತ್ತಾರೆ. ಕಿಟ್ ಕೊಟ್ಟ ದೊಡ್ಡಪ್ಪನಿಗೆ ವಯಸ್ಸಾಗಿರುತ್ತದೆ. ಅವರ ನಂತರ ಆ ಖಾತೆಯನ್ನು ಯಾರು ನೋಡಿಕೊಳ್ಳಬೇಕು, ಇಟ್ಟ ಸ್ಯಾಂಪಲ್ ಮೇಲೆ ಇನ್ನೊಂದು ಪರೀಕ್ಷೆಗೆ ಯಾರು ಒಪ್ಪಿಗೆ ಕೊಡಬಹುದು ಎಂದು ಖಾತೆಯಲ್ಲೇ ಬರೆಯಲು ಜಾಗ ಇದೆ. ಕಡ್ಡಿ ಉಜ್ಜಿಸಿದ ದಿನವೇ ಅದನ್ನು ತುಂಬಿಸಿ. ಅವರ ಮನೆಯಲ್ಲಿ ಅವರೇ ಕೊನೆಯ ಗಂಡು ಎಳೆಯಾಗಿದ್ದರೆ, ಆಮೇಲೆ ಆ ಲ್ಯಾಬಿನ ಸೀಸೆ ಬಿಟ್ಟರೆ ಕೇಳಲು ಬೇರೆ ಯಾರೂ ಇರುವುದಿಲ್ಲ.